ದಿನಚರಿ: ಯಾರ ದಿನ, ಯಾರ ಚರಿತ್ರೆ?

ಕನ್ನಡ ವಿಮರ್ಶೆಯಲ್ಲಿ ದಿನಚರಿಯ ಮಾತು ಬಂದಾಗ ಕಣ್ಣೆದುರು ನಿಲ್ಲುವ ಚಿತ್ರ ಬಹುತೇಕ ಒಂದೇ. ಓದು ಬರಹ ಬಲ್ಲ ಒಬ್ಬ ಗಂಡಸು, ರಾತ್ರಿಯ ಏಕಾಂತ, ಮೇಜಿನ ಮೇಲೊಂದು ದೀಪ, ತನ್ನೊಂದಿಗೆ ತಾನೇ ನಡೆಸುವ ಮಾತುಕತೆ. ಕುವೆಂಪು ಅವರ ‘ನೆನಪಿನ ದೋಣಿಯಲ್ಲಿ’ (1980) ಈ ಚಿತ್ರಕ್ಕೆ ಘನತೆ ತಂದುಕೊಟ್ಟ ಕೃತಿ. ತಾರುಣ್ಯದಲ್ಲಿ ಬರೆದಿಟ್ಟ ದಿನಚರಿಗಳನ್ನು ಅವರು ಇಳಿವಯಸ್ಸಿನಲ್ಲಿ ತೆರೆದು ನೋಡುತ್ತಾರೆ. ಒಬ್ಬ ಕವಿ ತನ್ನ ಒಳಗನ್ನು ಹೇಗೆ ಕಟ್ಟಿಕೊಂಡ ಎಂಬುದು ಅಲ್ಲಿ ಕಾಣುತ್ತದೆ. ಆ ಪುಸ್ತಕದ ಬೆಲೆಯ ಬಗ್ಗೆ ನಮಗೆ ತಕರಾರಿಲ್ಲ. ಆ ಒಂದೇ ಮಾದರಿಯನ್ನು ಅಳತೆಗೋಲು ಮಾಡಿಕೊಂಡು, ಮನೆಮನೆಯಲ್ಲಿರುವ ಉಳಿದ ಪುಸ್ತಕಗಳನ್ನೆಲ್ಲ ‘ಬರೀ ಲೆಕ್ಕ’ ಎಂದು ಪಕ್ಕಕ್ಕಿಡುತ್ತೇವಲ್ಲ, ಆ ಅಭ್ಯಾಸದ ಬಗ್ಗೆ ನಮ್ಮ ತಕರಾರು.

ಆ ಉಳಿದ ಪುಸ್ತಕಗಳು ಯಾವುವು? ಹೊಸ ವರ್ಷಕ್ಕೆ ಬ್ಯಾಂಕಿನವರು, ವಿಮೆಯವರು ಕೊಟ್ಟ ಡೈರಿಯಲ್ಲಿ ತಾರೀಖಿನ ಗೊಡವೆಯೇ ಇಲ್ಲದೆ ಬರೆದ ಹಾಲಿನ ಲೆಕ್ಕ. ಅಂಗಡಿಯ ಉದ್ರಿ ಪುಸ್ತಕ. ಚೀಟಿ ಹಣದ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದ ನೋಟುಬುಕ್ಕು. ಕೆಮ್ಮಿಗೆ ಕಷಾಯ, ಮಗುವಿನ ಹೊಟ್ಟೆನೋವಿಗೆ ಓಮ, ಬಿರಿಯಾನಿಯ ಮಸಾಲೆ, ನಡುವೆ ಎರಡು ಸಾಲು ಶಾಯರಿ ಇರುವ ಬಯಾಜ್. ತುಮಕೂರಿನ ಬೀದಿಗಳಲ್ಲಿ ಇಂಥ ಪುಸ್ತಕವಿಲ್ಲದ ಮನೆಯನ್ನು ನಾವು ಕಂಡಿಲ್ಲ. ಇವುಗಳ ಬಗ್ಗೆ ಬರೆದ ವಿಮರ್ಶೆಯನ್ನು ಮಾತ್ರ ಹುಡುಕಬೇಕು.

ಇವಕ್ಕೆ ನಮ್ಮ ಭಾಷೆ ಕೊಟ್ಟಿರುವ ಹೆಸರುಗಳನ್ನೇ ನೋಡಿ. ದಿನವಹಿ ಎಂಬ ಚೆಂದದ ಮಾತು ಕನ್ನಡದಲ್ಲಿದೆ. ಆಯಾ ದಿನದ ಕೊಡು ಕೊಳ್ಳುವಿಕೆ ಬರೆಯುವ ಪುಸ್ತಕ ಅದು. ಕೀರ್ದಿ ಎಂಬುದು ಪಾರ್ಸಿಯಿಂದ ಮರಾಠಿಯ ದಾರಿ ಹಿಡಿದು ಬಂದದ್ದು. ಜಮೆ, ಖರ್ಚು, ಬಾಕಿ, ವಸೂಲಿ, ದಫ್ತರು ಇವೆಲ್ಲ ಅರಬಿ ಪಾರ್ಸಿಯಿಂದ ಬಂದು ಗುಬ್ಬಿಯ ಅಡಿಕೆ ಮಂಡಿಯಲ್ಲಿ, ಕುಣಿಗಲ್ಲಿನ ರಾಗಿ ಅಂಗಡಿಯಲ್ಲಿ ಕನ್ನಡವೇ ಆಗಿಹೋದ ಮಾತುಗಳು. ಉರ್ದುವಿನಲ್ಲಿ ದಿನದ ಪುಸ್ತಕಕ್ಕೆ ರೋಜ್‌ನಾಮ್ಚಾ ಎನ್ನುತ್ತಾರೆ. ಬಯಾಜ್ ಎಂಬುದರ ಮೂಲದಲ್ಲಿ ಬಿಳುಪು ಎಂಬ ಅರ್ಥವಿದೆ, ಅಂದರೆ ಖಾಲಿ ಹಾಳೆಗಳ ಪುಸ್ತಕ. ಇನ್ನು ಕಡತ. ಇಂದು ಕಚೇರಿಯ ಫೈಲಿಗೆ ಅಂಟಿಕೊಂಡಿರುವ ಈ ಹೆಸರು ಹಿಂದೆ ಒಂದು ವಸ್ತುವಿನದಾಗಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಮಠದ ಲೆಕ್ಕ, ಶಾನುಭೋಗರ ಲೆಕ್ಕ, ವ್ಯಾಪಾರಿಯ ಲೆಕ್ಕ ಎಲ್ಲಕ್ಕೂ ಅದೇ. ಸಂಶೋಧಕರು ಕಡತವನ್ನು ಓದಿದ್ದಾರೆ, ಆದರೆ ಇತಿಹಾಸದ ಆಕರವೆಂದು. ಅದು ಒಬ್ಬ ಮನುಷ್ಯ ತನ್ನ ದಿನವನ್ನು ಹಿಡಿದಿಟ್ಟ ಬಗೆ ಎಂದು ನೋಡಿದವರು ಕಡಿಮೆ.

ಹೀಗೆ ನೋಡುವುದು ಹೊಸ ಮಾತೂ ಅಲ್ಲ. ಬಗ್ದಾದಿನ ವಿದ್ವಾಂಸ ಇಬ್ನ್ ಅಲ್ ಬನ್ನಾ 1068-69ರ ಸುಮಾರಿನಲ್ಲಿ ತನ್ನ ಕೈಬರಹದಲ್ಲಿ ಬರೆದ ದಿನಚರಿಯ ಒಂದು ಭಾಗ ಉಳಿದು ಬಂದಿದೆ. ಜಾರ್ಜ್ ಮಕ್ದಿಸಿ ಅದನ್ನು 1956-57ರಲ್ಲಿ ಅನುವಾದದೊಂದಿಗೆ ಪ್ರಕಟಿಸಿದರು. ಅದರಲ್ಲಿ ನಗರದ ಸುದ್ದಿ, ಪಂಡಿತರ ಜಗಳ, ಸಾವು, ಕನಸು ಮತ್ತು ಕನಸಿನ ಅರ್ಥ ಎಲ್ಲವೂ ಅಕ್ಕಪಕ್ಕದಲ್ಲಿವೆ. ನಮ್ಮ ನೆರೆಯ ಪಾಂಡಿಚೇರಿಯಲ್ಲಿ ಫ್ರೆಂಚರ ದುಭಾಷಿಯಾಗಿದ್ದ ಆನಂದರಂಗ ಪಿಳ್ಳೆ 1736ರಿಂದ 1761ರವರೆಗೆ ತಮಿಳಿನಲ್ಲಿ ಬರೆದ ದಿನಚರಿಯಲ್ಲೂ ವ್ಯಾಪಾರ, ರಾಜಕಾರಣ, ಮನೆಯ ಕಾರ್ಯ ಒಂದಕ್ಕೊಂದು ಹೆಣೆದುಕೊಂಡಿವೆ. ಒಳಗಿನದು ಬೇರೆ, ಹೊರಗಿನ ಲೆಕ್ಕ ಬೇರೆ ಎಂಬ ಗೆರೆಯನ್ನು ಅವರು ಎಳೆದುಕೊಳ್ಳಲಿಲ್ಲ. ಆ ಗೆರೆ ಎಳೆದವರು ನಂತರದ ಓದುಗರು.

ನಮ್ಮ ಊರಿಗೆ ಬರೋಣ. ತುಮಕೂರಿನಲ್ಲಿ ಬೀಡಿ ಕಟ್ಟುವ ಹೆಂಗಸರ ಮನೆಗಳಲ್ಲಿ ಒಂದು ಸಣ್ಣ ಪುಸ್ತಕವಿರುತ್ತದೆ. ಎಷ್ಟು ಎಲೆ ತಂದದ್ದು, ಎಷ್ಟು ತಂಬಾಕು, ಎಷ್ಟು ಸಾವಿರ ಬೀಡಿ ಕೊಟ್ಟದ್ದು, ಸರಿಯಿಲ್ಲವೆಂದು ಎಷ್ಟು ತೆಗೆದುಹಾಕಿದ್ದು. ಸಾಹಿತ್ಯವೆಂದರೆ ಭಾವನೆ ಎಂದು ತಿಳಿದವನಿಗೆ ಅದರಲ್ಲಿ ಓದಲು ಏನೂ ಇಲ್ಲ. ನಿಧಾನವಾಗಿ ಓದಿದರೆ ಬೇರೆಯದೇ ಕಾಣುತ್ತದೆ. ತಿಂಗಳಿಡೀ ದಿನಕ್ಕೆ ಸಾವಿರವಿದ್ದ ಅಂಕಿ ಒಂದು ವಾರ ನಾನ್ನೂರಕ್ಕೆ ಇಳಿದಿದ್ದರೆ ಅದು ಕಾಯಿಲೆಯ ವಾರ. ಹಬ್ಬಕ್ಕೆ ಮೊದಲು ಅಂಕಿ ಏರಿದರೆ ಮಕ್ಕಳ ಬಟ್ಟೆಯ ಚಿಂತೆ. ಒಂದು ದಿನದಿಂದ ಅಕ್ಷರ ಬದಲಾಗಿ ದುಂಡಗಿನ ಶಾಲೆಯ ಬರಹ ಶುರುವಾದರೆ, ಮಗಳು ತಾಯಿಯ ಪಕ್ಕ ಕುಳಿತು ಬರೆಯತೊಡಗಿದ್ದಾಳೆ ಎಂದರ್ಥ. ಆ ಮಗಳ ಶಾಲೆ ಮುಂದುವರಿಯಿತೋ ನಿಂತಿತೋ ಎಂಬುದನ್ನೂ ಮುಂದಿನ ಹಾಳೆಗಳು ಸೂಚಿಸಬಹುದು. ‘ನಾನು ದಣಿದಿದ್ದೇನೆ’ ಎಂಬ ವಾಕ್ಯ ಎಲ್ಲಿಯೂ ಇಲ್ಲ. ದಣಿವು ಮಾತ್ರ ಇಡೀ ಪುಸ್ತಕದಲ್ಲಿದೆ.

ಸಾರಾ ಅಬೂಬಕ್ಕರ್ ಅವರನ್ನೂ, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರನ್ನೂ ಓದುವಾಗ ಮನೆಯೊಳಗಿನ ವಿವರಗಳನ್ನು ನಾವು ಮೆಚ್ಚುತ್ತೇವೆ. ಅದೇ ವಿವರಗಳು ಕಥೆಯಾಗದೆ, ಲೇಖಕಿಯರಲ್ಲದ ಹೆಂಗಸರ ಕೈಬರಹದಲ್ಲಿ ಇರುವಾಗ ಗುಜರಿಯವನಿಗೆ ತೂಕಕ್ಕೆ ಹಾಕುತ್ತೇವೆ. ಇದು ವಿಮರ್ಶೆ ತನಗೆ ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆ.

ಗಂಡಸರ ಹೆಸರಾಂತ ಬದುಕುಗಳಲ್ಲೂ ಈ ಕೊರತೆ ಇದೆ. ಗುಬ್ಬಿಯೆಂದರೆ ನಾಡಿಗೆಲ್ಲ ನಾಟಕ ಕಂಪನಿಯ ಊರು. 1884ರಲ್ಲಿ ಶುರುವಾದ ಕಂಪನಿ, ಅದನ್ನು ಬೆಳೆಸಿದ ಗುಬ್ಬಿ ವೀರಣ್ಣ (1891-1972), ಅವರ ಆತ್ಮಕಥೆ ‘ಕಲೆಯೇ ಕಾಯಕ’ ಎಲ್ಲವೂ ನಮಗೆ ಗೊತ್ತು. ಆತ್ಮಕಥೆ ನೆನಪಿನ ಕೆಲಸ. ಗೆದ್ದದ್ದು ಸೋತದ್ದು ತಿಳಿದ ಮೇಲೆ ಹೇಳುವ ಕಥೆ. ದಿನವಹಿಗೆ ನಾಳೆ ಗೊತ್ತಿರುವುದಿಲ್ಲ. ಊರಿಂದೂರಿಗೆ ಹೋಗುತ್ತಿದ್ದ ಅಷ್ಟು ದೊಡ್ಡ ಸಂಸಾರಕ್ಕೆ ದಿನವೂ ಅಕ್ಕಿ ಬೇಕು, ದೀಪಕ್ಕೆ ಎಣ್ಣೆ ಬೇಕು, ಮಳೆ ಬಂದು ಆಟ ನಿಂತ ರಾತ್ರಿಯೂ ಊಟ ಬೇಕು. ರಂಗಭೂಮಿಯ ಚರಿತ್ರೆಯನ್ನು ನಾವು ನಟರ ಕೀರ್ತಿಯಿಂದ ಬರೆದಿದ್ದೇವೆ, ಅಡುಗೆಯವರ ಕೀರ್ದಿಯಿಂದ ಬರೆದಿಲ್ಲ.

ಹಾಗಾದರೆ ಎಲ್ಲರ ಖಾಸಗಿ ಪುಸ್ತಕಗಳನ್ನೂ ತೆರೆದು ಓದಿಬಿಡಬೇಕೇ? ಇಲ್ಲಿ ಎಚ್ಚರ ಬೇಕು. ಆ ಎಚ್ಚರವನ್ನು ಕಲಿಸುವ ಅತಿ ದೊಡ್ಡ ಉದಾಹರಣೆ ನಮ್ಮ ನಾಡಿನದೇ.

ಟಿಪ್ಪು ಸುಲ್ತಾನ್ ತಾನು ಕಂಡ ಕನಸುಗಳನ್ನು ಪಾರ್ಸಿಯಲ್ಲಿ ಸ್ವಂತ ಕೈಯಿಂದ ಬರೆದಿಡುತ್ತಿದ್ದ. 1785ರಿಂದ 1798ರ ನಡುವಿನ 37 ಕನಸುಗಳು ಅದರಲ್ಲಿವೆ. ಕೆಲವಕ್ಕೆ ತಾನೇ ಅರ್ಥವನ್ನೂ ಬರೆದಿದ್ದಾನೆ. ಚೀನಾದಿಂದ ಬಂದ ಬಿಳಿ ಆನೆ ಒಂದು ಕನಸಿನಲ್ಲಿ ಬರುತ್ತದೆ. ಇನ್ನೊಂದರಲ್ಲಿ ಗಂಡುವೇಷ ತೊಟ್ಟ ಹೆಂಗಸು ಬಂದರೆ, ಅದು ಮರಾಠರ ಸಂಗತಿ ಎಂದು ಅರ್ಥ ಮಾಡಿಕೊಳ್ಳುತ್ತಾನೆ. ಈ ಪುಸ್ತಕವನ್ನು ಅವನು ಯಾರಿಗೂ ತೋರಿಸುತ್ತಿರಲಿಲ್ಲ. ಅವನ ಆಪ್ತ ಮುನ್ಷಿ ಹಬೀಬುಲ್ಲಾನಿಗೆ ಅಂಥದೊಂದು ಇದೆಯೆಂದು ಮಾತ್ರ ಗೊತ್ತಿತ್ತು, ಅವನೂ ಕಂಡಿರಲಿಲ್ಲ. 1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅರಮನೆಯ ಗುಟ್ಟಿನ ಕಾಗದಪತ್ರಗಳ ಜೊತೆ ಅದು ಕರ್ನಲ್ ಕರ್ಕ್‌ಪ್ಯಾಟ್ರಿಕ್ ಕೈಗೆ ಸಿಕ್ಕಿತು. 1800ರ ಏಪ್ರಿಲ್‌ನಲ್ಲಿ ಅಲೆಕ್ಸಾಂಡರ್ ಬೀಟ್ಸನ್ ಅದನ್ನು ಗವರ್ನರ್ ಜನರಲ್ ವೆಲ್ಲೆಸ್ಲಿಯ ಪರವಾಗಿ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. ಇಂದು ಅದು ಬ್ರಿಟಿಷ್ ಲೈಬ್ರರಿಯಲ್ಲಿದೆ.

ಅದೇ 1800ರ ಏಪ್ರಿಲ್‌ನಲ್ಲಿ, ಅದೇ ವೆಲ್ಲೆಸ್ಲಿಯ ಅಪ್ಪಣೆಯಂತೆ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟ. ಗೆದ್ದ ನಾಡನ್ನು ಊರೂರು ಸುತ್ತಿ ಬರೆಯುವುದು ಅವನ ಕೆಲಸ. ತುಮಕೂರು, ಗುಬ್ಬಿಗಳ ಮೇಲೆ ಹಾದುಹೋದ. ಬೆಳೆ, ಕಸುಬು, ಜಾತಿ, ಸಂತೆ ಎಲ್ಲವನ್ನೂ ದಿನದಿನಕ್ಕೆ ಬರೆದುಕೊಂಡ. ಅದು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಮ್ಮ ಜಿಲ್ಲೆಯ ಹಳೆಯ ಕಾಲದ ಬಗ್ಗೆ ಬರೆಯುವವರು ಇಂದಿಗೂ ಅದನ್ನು ತೆರೆಯಲೇಬೇಕು. ಒಂದೇ ತಿಂಗಳು, ಒಂದೇ ಅಧಿಕಾರ. ನಮ್ಮವನ ಗುಟ್ಟಿನ ಪುಸ್ತಕ ಇಲ್ಲಿಂದ ಹೊರಟುಹೋಯಿತು, ನಮ್ಮ ಬಗ್ಗೆ ಬರೆಯುವ ಪುಸ್ತಕ ಇಲ್ಲಿಗೆ ಬಂತು. ಬುಕಾನನ್ ಶ್ರದ್ಧೆಯುಳ್ಳ ಬರಹಗಾರ, ಅವನಿಂದ ತಿಳಿದದ್ದು ಬಹಳ. ಆದರೆ ಅವನು ಮಾತಾಡಿಸಿದ ರೈತನಿಗೆ, ನೇಕಾರನಿಗೆ ಆ ಪುಸ್ತಕವನ್ನು ತಿದ್ದುವ ಹಕ್ಕಿರಲಿಲ್ಲ ಎಂಬುದನ್ನು ಓದುಗ ಮರೆಯಬಾರದು.

ಟಿಪ್ಪುವಿನ ಕನಸುಗಳಿಗೆ ಆದದ್ದೂ ಅದೇ. ಬೀಟ್ಸನ್ 1800ರ ತನ್ನ ಯುದ್ಧಕಥನಕ್ಕೆ ಕೆಲವನ್ನು ಅನುಬಂಧವಾಗಿ ಸೇರಿಸಿದ. ಗೆದ್ದವನ ಪುಸ್ತಕದ ಕೊನೆಯಲ್ಲಿ ಸೋತವನ ನಿದ್ದೆ ಸಾಕ್ಷಿಯಾಗಿ ನಿಂತಿತು. ಮಹಮೂದ್ ಹುಸೇನ್ ಕರಾಚಿಯಲ್ಲಿ ಅಷ್ಟೂ ಕನಸುಗಳನ್ನು ಇಂಗ್ಲಿಷಿಗೆ ತಂದದ್ದು 1957ರಲ್ಲಿ. ಗಿರೀಶ ಕಾರ್ನಾಡರು ಸ್ವಾತಂತ್ರ್ಯದ ಐವತ್ತನೇ ವರ್ಷಕ್ಕೆ ಬಿಬಿಸಿ ರೇಡಿಯೋಗಾಗಿ ಬರೆದು, ಕನ್ನಡದಲ್ಲಿ ‘ಟಿಪ್ಪು ಸುಲ್ತಾನ ಕಂಡ ಕನಸು’ ಎಂದು ನಾವು ಬಲ್ಲ ನಾಟಕ ಈ ಸಾಲ ತೀರಿಸುವ ಪ್ರಯತ್ನ. ಅವನನ್ನು ಹುಲಿಯೂ ಮಾಡದೆ ರಾಕ್ಷಸನೂ ಮಾಡದೆ, ಕನಸು ಕಾಣುವ ಮನುಷ್ಯನನ್ನಾಗಿ ಕಾಣಿಸಿದ್ದು ಆ ನಾಟಕದ ದೊಡ್ಡಸ್ತಿಕೆ. ಆದರೂ ಟಿಪ್ಪುವಿನ ಹೆಸರೆತ್ತಿದೊಡನೆ ಎರಡು ಗುಂಪಾಗಿ ಒಡೆಯುವ ನಮ್ಮ ಇವತ್ತಿನ ಜಗಳದಲ್ಲಿ ಆ ಕನಸುಗಳನ್ನು ಓದುವ ತಾಳ್ಮೆ ಯಾರಿಗೂ ಇಲ್ಲ. ಬಚ್ಚಿಟ್ಟ ಪುಸ್ತಕ ಅಪ್ಪಣೆಯಿಲ್ಲದೆ ತೆರೆದಾಗ ಅದು ಪುಸ್ತಕವಾಗಿ ಉಳಿಯುವುದಿಲ್ಲ, ಸಾಕ್ಷ್ಯವಾಗುತ್ತದೆ. ಮನೆಯ ಬಯಾಜ್ ಓದಹೊರಟವರೂ ಇದನ್ನು ನೆನಪಿಡಬೇಕು. ಒಬ್ಬ ಹೆಂಗಸು ಅಕ್ಕಿಡಬ್ಬಿಯ ಹಿಂದೆ ಇಟ್ಟ ಪುಸ್ತಕ ಅವಳದು. ಅವಳನ್ನು ಕೇಳಿ ಓದುವುದು ಅದಬು. ಅವಳು ಬೇಡವೆಂದರೆ ಬಿಡುವುದು ಇನ್ನೂ ದೊಡ್ಡ ಅದಬು.

ಕೇಳಲು ಈಗ ಅವಸರವೂ ಇದೆ, ಕಾರಣ ಲಿಪಿ. ನಮ್ಮ ಎಷ್ಟೋ ಮನೆಗಳಲ್ಲಿ ಅಜ್ಜಿ ಉರ್ದುವಿನಲ್ಲಿ ಬರೆದವಳು, ಮಗ ಎರಡೂ ಬಲ್ಲವನು, ಮೊಮ್ಮಗಳು ಕನ್ನಡ ಇಂಗ್ಲಿಷ್ ಮಾತ್ರ ಓದಬಲ್ಲಳು. ದಾದಿಯ ಮಾತು ಅವಳಿಗೆ ತಿಳಿಯುತ್ತದೆ, ದಾದಿಯ ಬರಹ ತಿಳಿಯುವುದಿಲ್ಲ. ಅಂಥ ಮನೆಯಲ್ಲಿ ಬಯಾಜ್ ಎರಡು ಬಗೆಯಲ್ಲಿ ಹಾಳಾಗುತ್ತದೆ: ಒಂದೋ ಗುಜರಿಗೆ ಹೋಗುತ್ತದೆ, ಇಲ್ಲವೇ ಅರಬಿ ಅಕ್ಷರವೆಂಬ ಗೌರವದಿಂದ ಬಟ್ಟೆಯಲ್ಲಿ ಸುತ್ತಿ ಅಟ್ಟ ಸೇರುತ್ತದೆ. ಒಳಗಿರುವುದು ನಿಂಬೆ ಉಪ್ಪಿನಕಾಯಿಯ ಅಳತೆ ಎಂಬುದು ಯಾರಿಗೂ ಗೊತ್ತಾಗುವುದಿಲ್ಲ.

ಅಳತೆ ಮಾತ್ರವಲ್ಲ, ಹುಟ್ಟಿದ ದಿನಗಳೂ ಅಲ್ಲೇ ಇರುತ್ತವೆ. ಜನನ ಮರಣ ನೋಂದಣಿಯ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು, ಬಹಳ ಕಡೆ ಅದರ ನಂತರವೂ, ಮಗು ಹುಟ್ಟಿದ್ದನ್ನು ಮನೆಯವರು ಪುಸ್ತಕದ ಕೊನೆಯ ಹಾಳೆಯಲ್ಲಿ ಹಿಜರಿ ತಿಂಗಳು, ವಾರ, ನಮಾಜಿನ ಹೊತ್ತಿನ ಲೆಕ್ಕದಲ್ಲಿ ಬರೆದಿಟ್ಟರು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ ಒಂದು ಎಂದು ಬರೆದುಕೊಂಡರು. 2019ರಲ್ಲಿ ಪೌರತ್ವದ ಕಾಗದಗಳ ಮಾತೆದ್ದಾಗ ಊರೂರುಗಳಲ್ಲಿ ಟ್ರಂಕುಗಳು ತೆರೆದವು. ನಿಜವಾದ ತಾರೀಖು ಬಯಾಜಿನಲ್ಲಿತ್ತು, ನಡೆಯುವ ತಾರೀಖು ಶಾಲೆಯ ದಾಖಲೆಯಲ್ಲಿತ್ತು. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ ಸ್ಟಡ್ ಫಾರಂನಲ್ಲಿ ಬೆಳೆದ ಜಾತಿಕುದುರೆಗೆ ತಂದೆ ಯಾರು, ತಾಯಿ ಯಾರು, ಅಜ್ಜಿ ಯಾರು ಎಂಬುದಕ್ಕೆ ಪುಸ್ತಕವಿದೆ. ಆ ಕುದುರೆಗಳ ಮೈ ಉಜ್ಜಿದವರ ಅಜ್ಜಿಯರ ಹೆಸರಿಗೆ ಯಾವ ಪುಸ್ತಕ? ಇದ್ದರೆ ಅದು ಮನೆಯದೇ.

ಈಗ ಹೊಸ ಪೀಳಿಗೆ ಇದನ್ನೆಲ್ಲ ಫೋನಿನಲ್ಲಿ ಬರೆದುಕೊಳ್ಳುತ್ತದೆ. ಹಾಲಿನ ಲೆಕ್ಕ, ಔಷಧಿಯ ಹೆಸರು, ತನಗೆ ತಾನೇ ಕಳಿಸಿಕೊಂಡ ವಾಟ್ಸಪ್ ಸಂದೇಶ. ಅದೂ ದಿನವಹಿಯೇ, ಕೀಳು ಎನ್ನಲು ಕಾರಣವಿಲ್ಲ. ಆದರೆ ಫೋನು ಬದಲಾದಾಗ ಅದು ಹೋಗುತ್ತದೆ, ಗುಜರಿಯವನ ತಕ್ಕಡಿಯೂ ಬೇಕಾಗಿಲ್ಲ.

ಮಾಡಬಹುದಾದ ಕೆಲಸ ಸಣ್ಣದು. ಬರೆದವರು ಬದುಕಿರುವಾಗ ಪಕ್ಕದಲ್ಲಿ ಕುಳಿತು ಒಂದೊಂದು ಹಾಳೆಯನ್ನು ಅವರಿಂದಲೇ ಓದಿಸಿ, ಕನ್ನಡದಲ್ಲಿ ಬರೆದುಕೊಳ್ಳುವುದು. ಈ ಅಂಕಿ ಯಾವುದು, ಈ ಹೆಸರು ಯಾರದು, ಈ ಹಾಳೆ ಏಕೆ ಹರಿದಿದೆ ಎಂದು ಕೇಳುವುದು. ಹೇಳಲೊಲ್ಲದ್ದನ್ನು ಖಾಲಿ ಬಿಡುವುದು. 2004ರಲ್ಲಿ ನಮ್ಮೂರಿಗೇ ವಿಶ್ವವಿದ್ಯಾಲಯ ಬಂದಿದೆ. ಅಲ್ಲಿ ಕನ್ನಡ ಓದುವ ಮಕ್ಕಳು ಇನ್ನೊಂದು ಕಾದಂಬರಿಯ ಪಾತ್ರಗಳ ಬಗ್ಗೆ ಪ್ರಬಂಧ ಬರೆಯುವ ಬದಲು ತಮ್ಮ ಮನೆಯ ಒಂದು ಉದ್ರಿ ಪುಸ್ತಕವನ್ನು, ಒಂದು ಬಯಾಜನ್ನು, ಮನೆಯವರ ಒಪ್ಪಿಗೆ ಪಡೆದು ಓದಿ ಬರೆಯಬಹುದು. ವಿಮರ್ಶೆಗೆ ಬೇಕಾದ ಕೌಶಲಗಳೆಲ್ಲ ಅದಕ್ಕೂ ಬೇಕು: ಯಾರು ಬರೆದರು, ಯಾರಿಗಾಗಿ ಬರೆದರು, ಏನನ್ನು ಬರೆಯದೆ ಬಿಟ್ಟರು ಎಂದು ನೋಡುವ ಕಣ್ಣು. ಮೊದಲ ಹೆಜ್ಜೆಯಾಗಿ, ಮುಂದಿನ ಸಲ ಮನೆ ಸುಣ್ಣ ಬಳಿಸುವಾಗ ಅಟ್ಟದಿಂದ ಇಳಿಯುವ ಹಳೆಯ ಪುಸ್ತಕಗಳನ್ನು ತಕ್ಕಡಿಗೆ ಹಾಕುವ ಮೊದಲು ಒಮ್ಮೆ ತೆರೆದು, ಇದು ಯಾರ ಕೈಬರಹ ಎಂದು ಮನೆಯ ಹಿರಿಯರನ್ನು ಕೇಳಿದರೆ ಸಾಕು.