ಮೊಣಕಾಲೆತ್ತರದ ಬೆಂಕಿ

ಹಕ್ಕಿ ನೋಡಲು ದಾಂಡೇಲಿ ಬಳಿಯ ಕುಳಗಿ ಶಿಬಿರಕ್ಕೆ ಬರುವವರು ಚಳಿ ಕಳೆದ ಮೇಲೆಯೇ ಬರಬೇಕೆಂಬುದು ನನ್ನ ಹಳೆಯ ವಾದ. ಸಾಗವಾನಿ ಬೋಳಾಗಿ ನಿಂತಿರುತ್ತದೆ, ಹಕ್ಕಿ ಅಡಗಲು ಮರೆಯಿಲ್ಲ. ತೊಂದರೆಯೆಂದರೆ, ಉದುರಿದ ಎಲೆಯೆಲ್ಲ ಕಾಲಡಿಗೆ ಬಂದು ಬಿದ್ದಿರುತ್ತದೆ. ಕಾಲಿಟ್ಟರೆ ಹಪ್ಪಳದಂತೆ ಮುರಿಯುವ ಆ ದರಕಿಗೆ ಮೊದಲ ಮಳೆ ಬೀಳುವತನಕ ಒಂದು ಬೀಡಿ ತುಂಡು ಸಾಕು.

ಕಾಡ್ಗಿಚ್ಚು ಎಂದರೆ ಟಿವಿಯಲ್ಲಿ ಕಂಡ ಕ್ಯಾಲಿಫೋರ್ನಿಯಾದ ಜ್ವಾಲೆ ನೆನಪಾಗುತ್ತದೆ. ನಮ್ಮಲ್ಲೂ ಅಂಥದ್ದು ಆಗಿಲ್ಲವೆಂದಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ 4,000 ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟು, ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿದವು. ಆದರೆ ಕಾಳಿ ಕಣಿವೆಯ ಈ ಕಾಡುಗಳದ್ದು ಹೆಚ್ಚಾಗಿ ನೆಲಬೆಂಕಿ. ಮೊಣಕಾಲೆತ್ತರ, ಗಾಳಿ ಬೀಸಿದರೆ ಸೊಂಟದೆತ್ತರ. ಒಣ ಬಿದಿರುಮೆಳೆ ಸಿಕ್ಕಾಗ ಮಾತ್ರ ಗೆಣ್ಣು ಸಿಡಿಯುವ ಸದ್ದು ದೂರಕ್ಕೆ ಕೇಳುತ್ತದೆ. ದಪ್ಪ ತೊಗಟೆಯ ಮತ್ತಿ ಬದುಕುತ್ತದೆ, ಸಾಗವಾನಿ ಸಸಿಯೂ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆ ಬಂದು ಹಸಿರಾದರೆ ಏನೂ ಆಗಿಲ್ಲವೆನ್ನುತ್ತಾರೆ.

ಆಗಿರುತ್ತದೆ. ನತ್ತಿಂಗ ಗೂಡು ಕಟ್ಟುವ ಹಕ್ಕಿಯಲ್ಲ, ಬರಿ ನೆಲದ ಮೇಲೆ, ದರಕಿನ ಮೇಲೆ ಮೊಟ್ಟೆಯಿಡುತ್ತದೆ. ಕಾಡುಕೋಳಿಯ ಮೊಟ್ಟೆಯೂ ನೆಲದಲ್ಲೇ. ಮಂಗಟ್ಟೆಯ ಕಷ್ಟ ಇನ್ನೂ ದೊಡ್ಡದು. ಈ ಹಕ್ಕಿಗೆಂದೇ 2011ರಲ್ಲಿ ದಾಂಡೇಲಿಯಲ್ಲಿ ಸಂರಕ್ಷಣಾ ಮೀಸಲು ಘೋಷಿಸಿದರು. ಹೆಣ್ಣು ಹಳೆಯ ಮರದ ಪೊಟರೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಗಿಲು ಮುಚ್ಚಿಕೊಂಡು, ಒಳಗೆ ರೆಕ್ಕೆಯ ಗರಿ ಉದುರಿಸಿ ಕುಳಿತಿರುತ್ತದೆ. ಹಾರಲಾರದು, ಅತ್ತಿಹಣ್ಣು ತಂದು ಉಣಿಸಲು ಗಂಡೇ ಬರಬೇಕು. ಗೂಡಿನ ತಿಂಗಳುಗಳೇ ಬೆಂಕಿಯ ತಿಂಗಳುಗಳೂ ಹೌದು. ತಿರುಳು ಕೊಳೆತ ಮುದಿ ಮರದ ಬುಡದ ಬಿರುಕಿಗೆ ಕಿಡಿ ಹೊಕ್ಕರೆ ಮರ ಒಳಗಿನಿಂದಲೇ ಉರಿಯುತ್ತದೆ. ಅಂಥ ಪೊಟರೆಯ ಮರ ಮತ್ತೊಂದು ಬೇಕೆಂದರೆ ತಲೆಮಾರುಗಳು ಕಾಯಬೇಕು.

ಬೆಂಕಿಯ ಅಂಚಿನಲ್ಲಿ ಕಾಜಾಣಗಳಿಗೆ ಹಬ್ಬ, ಎದ್ದೋಡುವ ಕೀಟಗಳೆಲ್ಲ ಅವಕ್ಕೆ ಊಟ. ಅದರ ಫೋಟೋಕ್ಕೆ ಸಿಗುವ ಮೆಚ್ಚುಗೆ ನನಗಂತೂ ಹಿಡಿಸದು.

ಸಿಡಿಲಿನಿಂದ ಹೊತ್ತಿಕೊಳ್ಳುವುದು ಅಪರೂಪ. ಹಚ್ಚುವುದು ಮನುಷ್ಯನ ಕೈಯೇ. ಎಳೆ ಹುಲ್ಲು ಬರಲೆಂದು ಹಚ್ಚುವವರಿದ್ದಾರೆ, ಜೇನಿಗೆ ಹೊಗೆ ಹಾಕಿ ಕೊಳ್ಳಿ ಬಿಟ್ಟು ಹೋಗುವವರಿದ್ದಾರೆ, ಉದುರಿದ ಜಿಂಕೆಕೊಂಬು ಹುಡುಕುವವರೂ ಇದ್ದಾರೆ. ಕಾರಿನ ಕಿಟಕಿಯಿಂದ ಸಿಗರೇಟು ಎಸೆಯುವ ನಮ್ಮ ಜಾತಿಯವರನ್ನು ಈ ಪಟ್ಟಿಯಲ್ಲಿ ಯಾರೂ ಬರೆಯುವುದಿಲ್ಲ. ಆರಿಸುವುದು ಮಾತ್ರ ಹಂಗಾಮಿಗೆ ನೇಮಕವಾದ ಬೆಂಕಿ ಕಾವಲುಗಾರರ ಪಾಲು. ಈಗ ಎಲೆ ಊದುವ ಯಂತ್ರ ಬಂದಿದೆ, ಆದರೂ ಹಸಿ ಸೊಪ್ಪಿನ ಕೊಂಬೆಯಿಂದ ಬಡಿಯುವ ಕೆಲಸ ತಪ್ಪಿಲ್ಲ. 2017ರಲ್ಲಿ ಬಂಡೀಪುರದಲ್ಲಿ ಅರಣ್ಯ ರಕ್ಷಕರೊಬ್ಬರು ಈ ಕೆಲಸದಲ್ಲೇ ಜೀವ ಬಿಟ್ಟರು.

ಬೇಸಿಗೆಗೆ ಮುಂಚೆಯೇ ರಸ್ತೆಯಂಚಿನ ದರಕು ಗುಡಿಸಿ, ಕಾವಲಿಟ್ಟು ಸುಟ್ಟು ಬೆಂಕಿರೇಖೆ ಮಾಡುತ್ತಾರೆ. ದಾಂಡೇಲಿಯಿಂದ ಬರುವಾಗ ಆ ಕಪ್ಪು ಪಟ್ಟಿ ಕಂಡು, ಇಲಾಖೆಯವರೇ ಕಾಡು ಸುಟ್ಟರೆಂದು ಫೋಟೋ ಹಾಕುವ ಹಕ್ಕಿಪ್ರಿಯರಿದ್ದಾರೆ. ದಯವಿಟ್ಟು ಹಾಕಬೇಡಿ. ಆ ಪಟ್ಟಿ ಎಲ್ಲಿ ಕಿರಿದಾಗಿದೆ, ಎಲ್ಲಿ ತುಂಡಾಗಿದೆ ಎಂದು ನೋಡಿ ಶಿಬಿರದವರಿಗೆ ಹೇಳಿ.