ಹೆಸರಿನ ಬಾಲದಲ್ಲೊಂದು ‘ನ್’

ಹಾಜರಿ ಪುಸ್ತಕ ಹಿಡಿದು ಮೂವತ್ತು ವರ್ಷ ಹೆಸರು ಕೂಗಿದವಳು ನಾನು. ಮೊದಮೊದಲು ಬಸವರಾಜ, ಮಂಜುನಾಥ, ತಿಪ್ಪೇಸ್ವಾಮಿ ಎನ್ನುತ್ತಿದ್ದ ನಾಲಿಗೆ ಈಗ ಚೇತನ್, ರೋಹನ್, ನಿತಿನ್, ವಿಹಾನ್, ಇಶಾನ್ ಎನ್ನುತ್ತದೆ. ಎಲ್ಲರಿಗೂ ಬೇರೆಲ್ಲೂ ಇಲ್ಲದ ಹೆಸರೇ ಬೇಕು. ಕೊನೆಗೆ ನೋಡಿದರೆ ಎಲ್ಲರದೂ ಅದೇ ‘ನ್’! ಮೊದಲ ಅಕ್ಷರವನ್ನು ಜನ್ಮನಕ್ಷತ್ರ ಹೇಳುತ್ತದೆ, ಕೊನೆಯದನ್ನು ಫ್ಯಾಷನ್ನು. ಹೆತ್ತವಳ ಪಾಲಿಗೆ ಉಳಿಯುವುದು ನಡುವಿನ ಒಂದಕ್ಷರ.

ಸಂಸ್ಕೃತದಲ್ಲಿ ಇವು ಚೇತನ, ಪವನ, ಈಶಾನ. ಕೊನೆಯ ‘ಅ’ಕಾರವನ್ನು ನುಂಗುವುದು ಹಿಂದಿಯ ರೂಢಿ. ಕನ್ನಡದ ಮಾತು ಸ್ವರದಲ್ಲಿ ನಿಲ್ಲುತ್ತದೆ. ಬಸ್ ಬಂದರೆ ಬಸ್ಸು, ಕಾರ್ ಬಂದರೆ ಕಾರು. ಹಳಗನ್ನಡದಲ್ಲಿ ಕಣ್, ಪಾಲ್ ಇರಲಿಲ್ಲವೇ ಎಂದು ನೀವು ಕೇಳಬಹುದು. ಇದ್ದವು. ಅವನ್ನೇ ನಮ್ಮ ನಾಲಿಗೆ ಕಣ್ಣು, ಹಾಲು ಮಾಡಿಕೊಂಡಿತು.

ಇದು ಬರಿಯ ವ್ಯಾಕರಣದ ಗೊಣಗಾಟವಲ್ಲ. ಹೆಸರಿರುವುದು ಕರೆಯಲಿಕ್ಕೆ. ‘ಮಂಜುನಾಥಾ’ ಎಂದು ಬೀದಿಯ ಕೊನೆಗೆ ಕೇಳುವಂತೆ ಎಳೆದು ಕೂಗಬಹುದು. ‘ವಿಹಾನ್’ ಎಂದು ಎಳೆಯಲು ಕೊನೆಯಲ್ಲಿ ಸ್ವರವೇ ಇಲ್ಲ. ಅಜ್ಜಿ ಸೋತು ‘ಪುಟ್ಟಾ’ ಎನ್ನುತ್ತಾಳೆ. ಮೊಮ್ಮಗನ ಹೆಸರು ಅಜ್ಜಿಯ ಬಾಯಿಗೆ ದಕ್ಕದಿದ್ದರೆ ಅದು ನನ್ನ ಹಾಜರಿ ಪುಸ್ತಕಕ್ಕೆ ಮಾತ್ರ ಆದೀತು.

‘ಚೇತನ’ ಎಂದರೆ ಹುಡುಗಿಯ ಹೆಸರಾಗುತ್ತದೆಂಬ ಅಂಜಿಕೆ ಕೆಲವರಿಗೆ. ಅದು ಇಂಗ್ಲಿಷ್ ಅಕ್ಷರಗಳ ತೊಡಕು. ಕನ್ನಡದಲ್ಲಿ ಚೇತನ ಹುಡುಗ, ಚೇತನಾ ಹುಡುಗಿ. ಒಂದು ದೀರ್ಘ ಸಾಕು.

ಹೊಸ ಹೆಸರು ಬೇಡವೆನ್ನಲಾರೆ. ತೊಟ್ಟಿಲಿಗೆ ಹಾಕುವ ಮುನ್ನ ಅಡುಗೆಮನೆಯಲ್ಲಿ ನಿಂತು, ಬೀದಿಯಲ್ಲಿ ಆಡುವ ಮಗನನ್ನು ಕರೆದಂತೆ ಒಮ್ಮೆ ಕೂಗಿ ನೋಡಿ. ಅಜ್ಜಿಯಿಂದಲೂ ಕೂಗಿಸಿ.