ನಿಂತ ಕಾಲ, ನಡೆದ ಕಾಲ: ಎನಿಡ್ ಬ್ಲೈಟನ್ ಅವರ ಮಕ್ಕಳ ಕಾದಂಬರಿಗಳು

ಬಹುಗ್ರಂಥಕರ್ತೃತ್ವವು ವಿಮರ್ಶಕರಲ್ಲಿ ಗೌರವಕ್ಕಿಂತ ಅನುಮಾನವನ್ನೇ ಹೆಚ್ಚಾಗಿ ಹುಟ್ಟಿಸುತ್ತದೆ. ಬಹಳ ಬರೆದವರು ಚೆನ್ನಾಗಿ ಬರೆದಿರಲಾರರೆಂಬ ಪೂರ್ವಗ್ರಹ ಎಷ್ಟು ಬಲವಾದುದೆಂದರೆ, ಅಂಥವರ ಕೃತಿಗಳನ್ನು ಓದುವುದಕ್ಕೆ ಮೊದಲೇ ಎಣಿಸಲು ತೊಡಗುವುದುಂಟು. ಇಂಗ್ಲಿಷಿನ ಮಕ್ಕಳ ಕಾದಂಬರಿಕಾರ್ತಿ ಎನಿಡ್ ಬ್ಲೈಟನ್ (1897–1968) ಅವರಿಗೆ ಸಂದ ವಿಮರ್ಶೆಯ ಬಹುಭಾಗ ಇಂಥ ಎಣಿಕೆಯೇ ಆಗಿದೆ. 1922ರಲ್ಲಿ 'ಚೈಲ್ಡ್ ವಿಸ್ಪರ್ಸ್' ಎಂಬ ಪುಟ್ಟ ಕವನಸಂಗ್ರಹದಿಂದ ಮೊದಲಾದ ಆಕೆಯ ಬರವಣಿಗೆ ಏಳುನೂರಕ್ಕೂ ಮಿಕ್ಕ ಪುಸ್ತಕಗಳಾಗಿ ಬೆಳೆಯಿತು. 'ಫೇಮಸ್ ಫೈವ್' ಮಾಲೆಯಲ್ಲಿ 21, 'ಸೀಕ್ರೆಟ್ ಸೆವೆನ್' ಮಾಲೆಯಲ್ಲಿ 15, 'ಮ್ಯಾಲರಿ ಟವರ್ಸ್' ಮಾಲೆಯಲ್ಲಿ 6 ಕಾದಂಬರಿಗಳು. ಇವಲ್ಲದೆ 'ನಾಡಿ' ಎಂಬ ಬೊಂಬೆಯ ಕಥೆಗಳು, ಮಾಯಾಮರದ ಕಥೆಗಳು, ನಿಸರ್ಗಪಾಠಗಳು, ಶಾಲಾಪಠ್ಯಗಳು. ಇಷ್ಟನ್ನೂ ಒಬ್ಬಳೇ ಹೆಂಗಸು ಬರೆದಿರುವಳೆಂದು ನಂಬದವರು ಕೂಲಿಯ ಬರಹಗಾರರ ವದಂತಿಯನ್ನು ಹಬ್ಬಿಸಿದರು. ಅದನ್ನು ಅಳಿಸಲು ಆಕೆ 1955ರಲ್ಲಿ ನ್ಯಾಯಾಲಯದ ಮೊರೆಹೊಗಬೇಕಾಯಿತು.

ಸಂಖ್ಯೆಯನ್ನು ಬದಿಗಿರಿಸಿ ಕೃತಿಗಳನ್ನೇ ನೋಡಿದರೆ ಅವುಗಳಲ್ಲಿ ಎರಡು ಬಗೆಯ ಕಾಲ ಕೆಲಸಮಾಡುವುದು ಗೋಚರವಾಗುತ್ತದೆ: ಒಂದು ನಿಂತ ಕಾಲ, ಇನ್ನೊಂದು ನಡೆಯುವ ಕಾಲ. ಬ್ಲೈಟನ್ ಅವರ ಜನಪ್ರಿಯತೆ ಮೊದಲನೆಯದರಿಂದ ಬಂದುದು. ಅವರ ಸಾಹಿತ್ಯಕ ಸಿದ್ಧಿಯನ್ನು ಹುಡುಕಬೇಕಾದುದು ಎರಡನೆಯದರಲ್ಲಿ.

ಮೊದಲು ನಿಂತ ಕಾಲವನ್ನು ನೋಡಬಹುದು. 'ಫೈವ್ ಆನ್ ಎ ಟ್ರೆಷರ್ ಐಲೆಂಡ್' ಪ್ರಕಟವಾದುದು 1942ರಲ್ಲಿ. ಜೂಲಿಯನ್, ಡಿಕ್, ಆ್ಯನ್ ಎಂಬ ಒಡಹುಟ್ಟಿದವರು ರಜೆಗೆಂದು ಕಡಲತೀರದ ಬಂಧುಗಳ ಮನೆಗೆ ಬರುತ್ತಾರೆ. ಅಲ್ಲಿ ಗಂಡುಡುಗೆ ತೊಟ್ಟು, ಜಾರ್ಜೀನಾ ಎಂದು ಕರೆದರೆ ಓಗೊಡದೆ ಜಾರ್ಜ್ ಎಂದೇ ಕರೆಯಿಸಿಕೊಳ್ಳುವ ಹುಡುಗಿಯೂ, ತಂದೆತಾಯಿಯರ ಅಪ್ಪಣೆಯಿಲ್ಲದೆ ಆಕೆ ಬೆಸ್ತರ ಹುಡುಗನೊಬ್ಬನಲ್ಲಿ ಇರಿಸಿ ಸಾಕುತ್ತಿರುವ ಟಿಮ್ಮಿಯೆಂಬ ನಾಯಿಯೂ ಅವರಿಗೆ ಜೊತೆಯಾಗುತ್ತಾರೆ. ಬಿರುಗಾಳಿಯೊಂದು ಕಡಲಡಿಯ ಹಳೆಯ ಹಡಗನ್ನು ಮೇಲೆತ್ತಿ ಹಾಕುತ್ತದೆ, ನಕ್ಷೆಯೊಂದು ದೊರೆಯುತ್ತದೆ, ಚಿನ್ನದ ಗಟ್ಟಿಗಳು ಸಿಕ್ಕುತ್ತವೆ. ಆ ವರ್ಷ ಇಂಗ್ಲೆಂಡು ಮಹಾಯುದ್ಧದ ನಡುವೆ ಇತ್ತು. ಆಹಾರಕ್ಕೆ ಪಡಿತರವಿತ್ತು, ಅದು ಪೂರ್ತಿಯಾಗಿ ತೊಲಗಿದ್ದು 1954ರಲ್ಲಿ. ಕಾದಂಬರಿಯಲ್ಲಾದರೋ ಯುದ್ಧದ ಸುಳಿವೇ ಇಲ್ಲ. ಬುತ್ತಿಗಂಟುಗಳಿಗೆ ಮಿತಿಯೇ ಇಲ್ಲ. ಪಡಿತರ ಚೀಟಿ ಹಿಡಿದು ಸಾಲಿನಲ್ಲಿ ನಿಂತ ಮನೆಗಳ ಮಕ್ಕಳಿಗೆ ಆ ಊಟದ ವರ್ಣನೆಗಳು ಸಾಹಸದಷ್ಟೇ ರೋಮಾಂಚಕಾರಿಯಾಗಿದ್ದರೆ ಆಶ್ಚರ್ಯವಿಲ್ಲ.

ಮಾಲೆ 1963ರವರೆಗೆ ಮುಂದುವರಿಯಿತು. ಮೊದಲ ಪುಸ್ತಕದಲ್ಲಿ ಹನ್ನೆರಡು ವರ್ಷದವನಾದ ಜೂಲಿಯನ್ ಕಳೆದ ರಜೆಗಳನ್ನೆಲ್ಲ ಲೆಕ್ಕಹಾಕಿದರೆ, ಅವನು ಮೀಸೆ ಬಲಿತ ಗೃಹಸ್ಥನಾಗಬೇಕಿತ್ತು. ಆದರೆ ಬ್ಲೈಟನ್ ಅವರ ಲೋಕದಲ್ಲಿ ರಜೆ ಮುಗಿಯುತ್ತದೆ, ಬಾಲ್ಯ ಮುಗಿಯುವುದಿಲ್ಲ. ಇಪ್ಪತ್ತೊಂದು ಬಾರಿ ಕಂಡ ಅಪಾಯ ಇಪ್ಪತ್ತೆರಡನೆಯ ಬಾರಿಗೆ ಯಾರನ್ನೂ ಜಾಣರನ್ನಾಗಿ ಮಾಡದು. ಇದನ್ನು ದೋಷವೆಂದಷ್ಟೇ ಹೇಳಿ ಮುಗಿಸಲಾಗದು. ಹೊಸದಾಗಿ ಓದುವುದಕ್ಕೆ ಕಲಿತ ಮಗುವಿಗೆ ಪುಸ್ತಕವೆಂಬುದು ಅಪರಿಚಿತರ ಮನೆ. ಅಲ್ಲಿ ಅವೇ ಮುಖಗಳು ಬಾಗಿಲು ತೆರೆದರೆ ಮಗು ಧೈರ್ಯದಿಂದ ಒಳಗಡಿಯಿಡುತ್ತದೆ. ಆಕೆಯ ಪದಸಂಪತ್ತು ಬಡವೆಂದು ಆಕ್ಷೇಪಿಸುವವರು, ಓದುವ ಅಭ್ಯಾಸ ಬೇರೂರುವುದು ಪುನರುಕ್ತಿಯ ನೆಲದಲ್ಲಿಯೇ ಎಂಬುದನ್ನು ಮರೆಯುತ್ತಾರೆ.

ಈ ನಿಂತ ಕಾಲದ ಮೂಲ ಲೇಖಕಿಯ ರಚನಾವಿಧಾನದಲ್ಲಿದೆ. 1953ರಿಂದ ಮುಂದೆ ಪೀಟರ್ ಮೆಕ್ಕೆಲರ್ ಎಂಬ ಮನಶ್ಶಾಸ್ತ್ರಜ್ಞರಿಗೆ ಬರೆದ ಪತ್ರಗಳಲ್ಲಿ ಆಕೆ ಅದನ್ನು ಬಿಚ್ಚಿ ಹೇಳಿದ್ದಾರೆ. ಮಂಡಿಯ ಮೇಲೆ ಬೆರಳಚ್ಚು ಯಂತ್ರವಿರಿಸಿಕೊಂಡು ಕಣ್ಮುಚ್ಚಿದರೆ ಪಾತ್ರಗಳು ತಾವಾಗಿ ಮನಸ್ಸಿನ ಪರದೆಯ ಮೇಲೆ ಬಂದು ನಿಲ್ಲುವುವು. ಚಿತ್ರಮಂದಿರದಲ್ಲಿ ಕುಳಿತ ಪ್ರೇಕ್ಷಕಳಂತೆ ಕಂಡುದನ್ನು ದಾಖಲಿಸುತ್ತ ಹೋಗುವುದಷ್ಟೇ ತಮ್ಮ ಕೆಲಸ. ಮುಂದೇನಾಗುವುದೋ ತಮಗೂ ತಿಳಿಯದು. ಈ ಬಗೆಯಲ್ಲಿ ಒಂದು ಕಾದಂಬರಿ ವಾರದೊಳಗೆ ಮುಗಿಯುತ್ತಿತ್ತು. ಆಕೆಯ ಗದ್ಯದ ನಿರರ್ಗಳತೆ ಇಲ್ಲಿಂದ ಬಂದುದು. ದೌರ್ಬಲ್ಯವೂ ಇಲ್ಲಿಂದಲೇ ಬಂದುದು. ತಾನಾಗಿ ಒದಗಿದ ಚಿತ್ರವನ್ನು ಪ್ರಶ್ನಿಸದೆ ಸ್ವೀಕರಿಸಿದವರು, ಅದರೊಡನೆ ನುಸುಳಿ ಬರುವ ಕಾಲದ ಪೂರ್ವಗ್ರಹಗಳನ್ನೂ ಪ್ರಶ್ನಿಸದೆ ಸ್ವೀಕರಿಸುತ್ತಾರೆ.

ಆ ಪೂರ್ವಗ್ರಹಗಳು ಅಲ್ಪವಲ್ಲ. ಪಾತ್ರೆ ತೊಳೆಯುವ ಸರದಿ ಸಾಮಾನ್ಯವಾಗಿ ಆ್ಯನಳದು. ಜಾರ್ಜಳಿಗೆ ದೊರೆಯುವ ಪರಮ ಪ್ರಶಂಸೆ ಆಕೆ ಹುಡುಗನಿಗೆ ಸಮಾನಳೆಂಬುದು. 1944ರ 'ದಿ ಐಲೆಂಡ್ ಆಫ್ ಅಡ್ವೆಂಚರ್' ಕಾದಂಬರಿಯ ಮೂಲಪಾಠದಲ್ಲಿ ಖಳನು ಜೋ-ಜೋ ಎಂಬ ಕರಿಯ ಆಳು. ಈಚಿನ ಮುದ್ರಣಗಳಲ್ಲಿ ಅವನ ಹೆಸರೂ ಬಣ್ಣವೂ ಬದಲಾಗಿವೆ. ಕಪ್ಪು ಮುಖದ ಬೊಂಬೆಯೊಂದು ಎಲ್ಲರಿಂದ ತಿರಸ್ಕೃತವಾಗಿ, ಮಳೆಯಲ್ಲಿ ಬಣ್ಣ ತೊಳೆದುಹೋಗಿ ಗುಲಾಬಿಯಾದ ಮೇಲೆ ಆದರ ಪಡೆಯುವ ಕಥೆಯನ್ನು 'ಗಾರ್ಡಿಯನ್' ಪತ್ರಿಕೆಯಲ್ಲಿ ಲೀನಾ ಜೇಗರ್ 1966ರಲ್ಲಿಯೇ ಖಂಡಿಸಿದ್ದರು. ಪ್ರಕಾಶಕರು 2010ರಲ್ಲಿ 'ಫೇಮಸ್ ಫೈವ್' ಪುಸ್ತಕಗಳ ಭಾಷೆಯನ್ನು ಆಧುನಿಕಗೊಳಿಸಿ, ಓದುಗರು ಒಪ್ಪದಿದ್ದುದರಿಂದ 2016ರಲ್ಲಿ ಆ ಪ್ರಯತ್ನವನ್ನು ಕೈಬಿಟ್ಟರು. ಪದಗಳನ್ನು ತಿದ್ದಬಹುದು, ಅಪರಿಚಿತನೇ ಅಪರಾಧಿಯೆಂಬ ಕಥಾಬಂಧವನ್ನು ತಿದ್ದುವುದು ಹೇಗೆ? ಮುಂಬಯಿಯಲ್ಲಿಯೋ ದೆಹಲಿಯಲ್ಲಿಯೋ ಕುಳಿತು ಓದುವ ಕನ್ನಡದ ಮಗು ಸಹಜವಾಗಿಯೇ ಜೂಲಿಯನ್ನನ ಜೊತೆಗಾರನಾಗುತ್ತದೆ. ಆ ಮನೆಯ ಕಿಟಕಿಯಾಚೆ ತನ್ನದೇ ಮೈಬಣ್ಣದ ಮುಖವೊಂದು ಕಂಡಿದ್ದರೆ ಐವರೂ ಅದನ್ನು ಮೊದಲು ಶಂಕಿಸುತ್ತಿದ್ದರೆಂಬುದು ಅದರ ಅರಿವಿಗೆ ಬಾರದು. ಈ ಓದಿನಲ್ಲಿ ಪಣಕ್ಕಿಟ್ಟಿರುವುದು ಭಾಷಾಜ್ಞಾನವಲ್ಲ, ಮಗುವಿನ ಆತ್ಮಪ್ರತ್ಯಯ.

ಇನ್ನು ನಡೆಯುವ ಕಾಲ. 1946ರಿಂದ 1951ರವರೆಗೆ ಬಂದ 'ಮ್ಯಾಲರಿ ಟವರ್ಸ್' ಮಾಲೆಯ ಆರು ಕಾದಂಬರಿಗಳಲ್ಲಿ ಹೆಣ್ಣುಮಕ್ಕಳ ವಸತಿಶಾಲೆಯ ಕಥೆಯಿದೆ. ನಾಯಿಕೆ ಡ್ಯಾರೆಲ್ ರಿವರ್ಸ್ ಮೊದಲ ತರಗತಿಗೆ ಸೇರಿ ಕೊನೆಯ ತರಗತಿಯನ್ನು ಮುಗಿಸಿ ಹೊರಡುತ್ತಾಳೆ. ಇಲ್ಲಿ ಮಾಡಿದ ಕರ್ಮಕ್ಕೆ ಫಲವಿದೆ. ಮುಂಗೋಪಿಯಾದ ಡ್ಯಾರೆಲ್ ಸಹಪಾಠಿಯೊಬ್ಬಳನ್ನು ನೂಕುತ್ತಾಳೆ. ಆಕೆ ಕಾಯಿಲೆ ಬಿದ್ದಾಗ ಅದು ತನ್ನಿಂದಲೇ ಆಯಿತೆಂದು ನರಳುತ್ತಾಳೆ. ಕಾಯಿಲೆಗೆ ಬೇರೆ ಕಾರಣವಿತ್ತೆಂದು ತಿಳಿದರೂ ಆ ಅಂಜಿಕೆ ಓದುಗನ ಮನಸ್ಸಿನಿಂದ ಮಾಯುವುದಿಲ್ಲ. ಕೋಪವೂ ಒಂದೇ ಪಾಠಕ್ಕೆ ಅಡಗುವುದಿಲ್ಲ. ಮುಂದಿನ ವರ್ಷಗಳಲ್ಲಿ ಅದು ಮರುಕಳಿಸಿ ಆಕೆಯ ತರಗತಿಯ ನಾಯಕತ್ವವನ್ನೇ ಕಸಿಯುತ್ತದೆ. ಜಂಬಗಾರ್ತಿ ಗ್ವೆಂಡೊಲಿನ್ ಕೊನೆಯ ಕಾದಂಬರಿಯಲ್ಲಿ ತಂದೆಯೊಡನೆ ಜಗಳವಾಡಿ ಬಂದ ಮೇಲೆ ಆತ ತೀವ್ರವಾಗಿ ಅಸ್ವಸ್ಥನಾದ ಸುದ್ದಿ ಬರುತ್ತದೆ. ಆಡಿದ ಮಾತನ್ನು ಹಿಂದೆಗೆದುಕೊಳ್ಳಲು ಬಾರದ ಆ ಗಳಿಗೆಯಲ್ಲಿ ಬ್ಲೈಟನ್ ಸಾಹಸಕಥೆಯ ಎಲ್ಲೆಯನ್ನು ದಾಟಿ ಕಾದಂಬರಿಯ ಹೊಸ್ತಿಲನ್ನು ತುಳಿಯುತ್ತಾರೆ.

ಇದೇ ಸಾಲಿಗೆ ಸೇರುವ, ಅಷ್ಟಾಗಿ ಓದುಗರ ಕಣ್ಣಿಗೆ ಬೀಳದ ಕೃತಿ 1951ರ 'ದಿ ಸಿಕ್ಸ್ ಬ್ಯಾಡ್ ಬಾಯ್ಸ್'. ಮನೆ ಒಡೆದು ಬೀದಿಗೆ ಬಿದ್ದ ಹುಡುಗರು ಬಾಲಾಪರಾಧಿಗಳಾಗಿ ನ್ಯಾಯಾಲಯದ ಮೆಟ್ಟಿಲೇರುವ ಕಥೆಯಿದು. ಜಗಳದಿಂದ ಬೇಸತ್ತ ತಂದೆಯೊಬ್ಬ ಮನೆ ಬಿಟ್ಟುಹೋಗುತ್ತಾನೆ. ಲೇಖಕಿಯ ತಂದೆಯೂ, ಆಕೆಗೆ ಹದಿಮೂರು ತುಂಬುವ ಹೊತ್ತಿಗೆ, ಹಾಗೆಯೇ ಹೊರಟುಹೋಗಿದ್ದರು. ಆದರೆ ಕೃತಿಯು ಕೆಲಸಕ್ಕೆ ಹೊರಟ ತಾಯಿಯ ಮೇಲೆ ಹೊರಿಸುವ ಅಪವಾದ ಕಠಿನವಾದುದು. ಬಿಡುವಿಲ್ಲದೆ ದುಡಿದ ತಾಯಿ ಸ್ವತಃ ಬ್ಲೈಟನ್ ಅವರೇ. ಕಿರಿಯ ಮಗಳು ಇಮೊಜೆನ್ 1989ರಲ್ಲಿ ಪ್ರಕಟಿಸಿದ ಬಾಲ್ಯಸ್ಮರಣೆಯಲ್ಲಿ ತಾಯಿಯ ಶೈತ್ಯವನ್ನು ಕುರಿತು ಬರೆದರು. ಹಿರಿಯ ಮಗಳು ಗಿಲಿಯನ್ ಅಕ್ಕರೆಯ ತಾಯಿಯನ್ನು ನೆನೆದರು. ಒಂದೇ ಮನೆಯ ಈ ಎರಡು ಸಾಕ್ಷ್ಯಗಳಲ್ಲಿ ತೀರ್ಪು ಹೇಳುವುದು ವಿಮರ್ಶೆಯ ಕೆಲಸವಲ್ಲ. ನಿಂತ ಕಾಲದ ಆ ಬೆಚ್ಚನೆಯ ರಜೆಗಳು ಯಾವ ಕೊರತೆಯನ್ನು ತುಂಬಲು ಹುಟ್ಟಿದುವೆಂಬುದಕ್ಕೆ ಈ ಕಾದಂಬರಿ ಕೀಲಿಕೈಯಾಗಿದೆ ಎಂದಷ್ಟು ಹೇಳಿದರೆ ಸಾಕು.

ಬಿ.ಬಿ.ಸಿ. ಬಾನುಲಿಯು 1954ರವರೆಗೂ ಹಲವು ವರ್ಷ ಆಕೆಯ ಕಥೆಗಳನ್ನು ಕೀಳೆಂದು ದೂರವಿಟ್ಟಿದ್ದ ಸಂಗತಿ 2009ರಲ್ಲಿ ಹೊರಬಂದ ಕಾಗದಪತ್ರಗಳಿಂದ ತಿಳಿದುಬಂದಿದೆ. 1958ರಲ್ಲಿ ಕಾಲಿನ್ ವೆಲ್ಚ್ 'ಎನ್‌ಕೌಂಟರ್' ಪತ್ರಿಕೆಯಲ್ಲಿ ನಾಡಿಯನ್ನು ನಿರ್ದಯವಾಗಿ ಲೇವಡಿಮಾಡಿದರು. ಬಾಗಿಲು ಮುಚ್ಚಿದವರೂ ನಕ್ಕವರೂ ಮಕ್ಕಳ ಕೈಯಿಂದ ಪುಸ್ತಕವನ್ನು ಕಿತ್ತುಕೊಳ್ಳಲಾರದೆ ಹೋದರು. ಹೊರನಾಡ ಕನ್ನಡಿಗರ ಮನೆಗಳಲ್ಲಿಯೂ ಕಿತ್ತುಕೊಳ್ಳುವುದು ಪರಿಹಾರವಲ್ಲ. ಹಿರಿಯರು ಜೊತೆಗೆ ಕುಳಿತು ಓದುವುದು, ಓದುತ್ತ ಪ್ರಶ್ನೆ ಕೇಳುವುದು ಪರಿಹಾರ. ಪಂಜೆ ಮಂಗೇಶರಾಯರು, ಜಿ. ಪಿ. ರಾಜರತ್ನಂ ಮೊದಲಾದವರು ಕನ್ನಡದ ಶಿಶುಸಾಹಿತ್ಯಕ್ಕೆ ಹಾಕಿದ ಅಡಿಪಾಯ ಭದ್ರವಾಗಿದೆ. ಒಂದು ಪುಸ್ತಕ ಮುಗಿದೊಡನೆ ಅದೇ ಗೆಳೆಯರ ಇನ್ನೊಂದು ಪುಸ್ತಕಕ್ಕೆ ಕೈಚಾಚುವ ಸುಖವನ್ನು ಮಗುವಿಗೆ ಅದರ ತಾಯ್ನುಡಿಯಲ್ಲಿಯೂ ಒದಗಿಸುವುದು ಹೇಗೆಂಬುದನ್ನು ಬ್ಲೈಟನ್ ಅವರಿಂದ ಕಲಿಯಲು ನಾಚಬೇಕಿಲ್ಲ.

ಮಕ್ಕಳ ಲೇಖಕರ ಗ್ರಂಥರಾಶಿಯನ್ನು ಅಳೆಯಲು ಒಂದೇ ಮಾನದಂಡವುಂಟು: ಮಗು ಆ ಮೆಟ್ಟಿಲನ್ನು ಹತ್ತಿ ಮುಂದಕ್ಕೆ ಹೋಗುತ್ತದೆಯೆ, ಅಲ್ಲಿಯೇ ಕುಳಿತುಬಿಡುತ್ತದೆಯೆ? ಕಿರಿನ್ ದ್ವೀಪದ ರಜೆಯಲ್ಲಿ ಮಗು ಕುಳಿತೀತು. ಆದರೆ ಡ್ಯಾರೆಲಳ ಜೊತೆಯಲ್ಲಿ ಆರು ವರ್ಷ ನಡೆದ ಮಗು ಶಾಲೆಯ ಬಾಗಿಲನ್ನು ದಾಟಿ ಹೊರಬರುತ್ತದೆ. ಹೊರಬಂದ ಮೇಲೆ ಅದಕ್ಕೆ ಬೇರೆ ಪುಸ್ತಕಗಳು ಬೇಕಾಗುತ್ತವೆ. ಏಳುನೂರರಲ್ಲಿ ಕೆಲವಾದರೂ ಹೀಗೆ ಮಗುವನ್ನು ತಮ್ಮಿಂದ ಬೀಳ್ಕೊಡುವಂಥವು ಇರುವುದೇ ಬ್ಲೈಟನ್ ಅವರ ಪರವಾಗಿ ಹೇಳಬಹುದಾದ ದೊಡ್ಡ ಮಾತು.